ಎರಡಿಂಚು

ಮುಳಗುಂದ ನಾಕಾ ದಾಟಿ ಎಡಕ್ಕ ಹೊಳ್ಳಿದರ
ಹಜರೇಸಾಬನ ಪಾಟಾ ಅಂಗಡಿ.
ಬಾಗಲಿಲ್ಲ, ಬೋರ್ಡಿಲ್ಲ. ಬೇವಿನ ಬುಡಕ್ಕ ಒರಗಿದ
ಮುರುಕ ಕಮಾನುಗಳ ಗುರುತು.
ನನ್ನ ಜೀಪಿನ ಕೆಳಗ ಅಂಗಾತ ಮಲಗಿ
ಅಂವ ಬಾಳ ಹೊತ್ತು ಮಾತಾಡಲಿಲ್ಲ.

ತೊಂಬತ್ನಾಕರ ಗಾಡಿ. ಅರಣ್ಯ ಇಲಾಖೆ ಹರಾಜಿನ್ಯಾಗ ಹಿಡದದ್ದು.
ಬಿಳಿ ಬಣ್ಣ ಎಲ್ಲಿ ಕೆರದರೂ ಒಳಗ ಹಸರು.
ಡ್ರೈವರ್ ಕಡೆ ಒಂದಿಂಚು ಕುಸದೈತಿ.
ಅದು ನನ್ನ ಭಾರ ಅಲ್ಲ, ಮೊದಲ ಹೇಳಿಬಿಡತೀನಿ,
ಇಪ್ಪತ್ತು ವರ್ಷ ಕುಂತು ಹ್ವಾದ ಯಾವನೋ ರೇಂಜರನ ಭಾರ.

ಕಪ್ಪತಗುಡ್ಡದ ಬೆನ್ನಮ್ಯಾಲ ಗಾಳಿಕಂಬ ಕಾಯೋ ಮಂದಿಗೆ
ದಿನಾ ಮುನ್ನೂರು ಖಡಕ್ ರೊಟ್ಟಿ ಒಯ್ಯತೀನಿ,
ಎಣಗಾಯಿ, ಗುರೆಳ್ಳು ಚಟ್ನಿ, ಒಂದು ಕ್ಯಾನ್ ಮಜ್ಜಿಗಿ.
ಡೋಣಿ ದಾಟೂತನಕ ಡಾಂಬರು. ಆಮ್ಯಾಲ ಎರಿ.
ಮಳ್ಯಾಗ ಟ್ರ್ಯಾಕ್ಟರ್ ಕೊರದ ಹಾದಿ
ಬಿಸಲಿಗೆ ಒಣಗಿ ಕಲ್ಲಾಗತೈತಿ, ನಡುವಿನ ದಿಂಡು
ಜೀಪಿನ ಹೊಟ್ಟಿ ಕೆರಿತೈತಿ.
ಹ್ವಾದ ಶ್ರಾವಣದಾಗ ಹಿಂದಿನ ಹೌಸಿಂಗ್ ಸೀಳಿ
ಆಯಿಲು ಹರದಿತ್ತು, ಎರಿಗಿಂತ ಕರ್ರಗ.

"ಎತ್ತರ ಮಾಡಪಾ" ಅಂದೆ.
"ಎಷ್ಟ್ರಿ?" ಅಂದ.
ಅದs ಗೊತ್ತಿರಲಿಲ್ಲ ನನಗ.

"ಉದ್ದನ ಶಕಲ್ ಹಾಕಿದರ ಸಸ್ತಾ, ಸಂಜಿಗೆ ಒಯ್ಯಬಹುದು.
ಖರೆ, ಸ್ಟೇರಿಂಗು ಕುಡದವರಂಗ ಹಾದಿ ತುಂಬ ಅಲದಾಡತೈತಿ.
ಇನ್ನೊಂದು ಪಾಟಾ ಸೇರಸಬಹುದು. ಬಿರುಸಾಗತೈತಿ.
ನಿಮ್ಮ ರೊಟ್ಟಿ ಗುಡ್ಡಾ ಮುಟ್ಟೂದರಾಗ ನುಚ್ಚು.
ತಿನ್ನಾಕ ಚಮಚಾನೂ ಒಯ್ಯಬೇಕಾಗತೈತಿ ನೋಡ್ರಿ."

ತಂಗಿ ಮಗ ಇರ್ಫಾನ ಮೊಬೈಲಿನಿಂದ ಮಾರಿ ಎತ್ತಿದ:
"ಎಕ್ಸೆಲ್ ಮ್ಯಾಲ ಕಮಾನು ಕುಂದರಸೂಣು ಮಾಮಾ. ಐದಿಂಚು!"
ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಅಂಥಾದ್ದೊಂದು ನೋಡ್ಯಾನಂತ,
ಎದಿಮಟ ಟಾಯರು.
ಸುಳ್ಳ್ಯಾಕ ಹೇಳಲಿ, ನನಗೂ ಜೀವ ಹಾರಿತು.
ಕಂಬದ ಸೂಪರ್ವೈಜರ್ ಗಾಡಿಗೆಪ್ಪ
ಬಾಯಿ ತಕ್ಕೊಂಡು ನಿಂತದ್ದು ಕಣ್ಣಿಗೆ ಕಟ್ಟಿತು.
ಹಜರೇಸಾಬ ಬರೇ ಇಷ್ಟ ಅಂದ:
"ಬ್ರೇಕಿನ ಪೈಪು ಸಾಲೂದಿಲ್ಲ. ವಾರಿ ಇಳಕಲಿನ್ಯಾಗ ಮಗ್ಗಲಾಗತೈತಿ."

ಬಾಜೂಕ ಕುಂತ ಹೊನ್ನವ್ವ
ಮಾತಿಲ್ಲದ ತನ್ನ ಮೊಣಕಾಲು ತೋರಿಸಿದಳು.

ಮತ್ತ ಆ ನೂಲು. ಸೆರಗಿನ ತುದಿಯಿಂದ ಬಿಚ್ಚಿ ಕೊಟ್ಟೆ.
ರಾತ್ರಿ ಜೀಪು ನಿಲ್ಲೂದು ಹಳೇ ಹತ್ತಿ ಜಿನ್ನಿನ ಕುದರಿ ಲಾಯದಾಗ,
ಅದರ ಕಲ್ಲಿನ ಕಮಾನಿಗೂ ನನ್ನ ಕ್ಯಾರಿಯರಿಗೂ ನಡುವ
ನಾಕು ಬಟ್ಟು ಜಾಗ. ಅಳದು, ಗಂಟು ಹಾಕಿ ತಂದಿದ್ದೆ.
ಅಂವ ಗಂಟು ಮುಟ್ಟಿ ನೋಡಿ ಗಡ್ಡ ಕೆರಕೊಂಡ:
"ಮ್ಯಾಲಿನ ಕಮಾನು ಒಪ್ಪಿದಷ್ಟs ಕೆಳಗಿನ ಕಮಾನು ಏರಬೇಕ್ರಿ.
ಇಲ್ಲಾಂದ್ರ ಗುಡ್ಡಾ ಹತ್ತತೈತಿ, ಮನಿ ಹೊಗೂದಿಲ್ಲ."

ಇದ್ದ ಪಾಟಾಗಳನ್ನ ಬಿಚ್ಚಿದರು.
ನಡುವಿನ ಜಂಗು, ರೇಂಜರನ ಕಾಲದ ಮಣ್ಣು, ಒಂದು ಎಂಟಾಣೆ.
"ಬೆಂಕ್ಯಾಗ ಕಾಸಂಗಿಲ್ಲೇನು?" ಅಂದೆ.
"ಕಾಸಿದರ ಹದಾ ಕೆಡತೈತ್ರಿ. ತಣ್ಣಗನ ಬಡಿಬೇಕು."
ಹದಾ ಅಂದಕೂಡಲೇ ಹೊನ್ನವ್ವ ಗೋಣು ಹಾಕಿದಳು,
ಮುಂಜಾನಿಂದ ಮೊದಲ ಸಲ ಅವನ ಮಾತು ನಂಬಿದವರಂಗ.
ಇರ್ಫಾನ ಹಿಡದ, ಅಂವ ಬಡದ. ಬೆಟ್ಟಿನಷ್ಟು ಸರಿಸಿ ಮತ್ತ ಬಡದ.
ಆ ಸಪ್ಪಳಕ್ಕ ಹೊನ್ನವ್ವನ ಅಂಗೈ
ತೊಡಿಮ್ಯಾಲ ತಾನಾಗೇ ರೊಟ್ಟಿ ತಟ್ಟತಿತ್ತು.

"ಎಷ್ಟು ದಿನ ತಡಿತೈತಿ?"
"ವರ್ಷ. ಬಾಳಂದ್ರ ಒಂದೂವರಿ. ತಿರಗಿ ಕುಗ್ಗತೈತಿ.
ಬರ್ರಿ, ತಿರಗಿ ಬಡಿಯೋಣು."

ಎರಡಿಂಚು. ಲಾಯದ ಕಮಾನಿನ ಕೆಳಗ
ಉಸಿರು ಬಿಗಿಹಿಡಿದು ಒಳಗ ಹೊಂಟೆ; ತಾಗಲಿಲ್ಲ.
ಮರುದಿನ ಡೋಣಿ ದಾಟಿದ ಮ್ಯಾಲ
ದಿಂಡಿನ ಹುಲ್ಲು ಹೊಟ್ಟಿಗೆ ಸರ್ರಂತ ಸವರಿತು,
ಕಲ್ಲಿನ ಸುದ್ದಿ ಇಲ್ಲ.
ಮ್ಯಾಲ ಹೋಗಿ ಬುಟ್ಟಿ ಬಿಚ್ಚಿ ಎಣಿಸಿದೆ:
ಮುರದದ್ದು ಹನ್ನೊಂದು.
ಗಾಡಿಗೆಪ್ಪ ಕೇಳಿದ, "ಮೊದಲ ಎಷ್ಟು ಮುರಿತಿದ್ವು?"

ಯಾರು ಎಣಿಸಿದ್ದರು?